ಮೂವತ್ತೇಳನೇ ನಂಬರಿನ ಗಡಿಯಾರ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನಿವೃತ್ತ ಕಂಟ್ರಾಕ್ಟರು ಠಾಣೆಯ ಮೆಟ್ಟಿಲು ಹತ್ತಿದಾಗ, ಅವರ ಮುಖ ನೋಡಿ ಮನೆಯಲ್ಲಿ ಸಾವಾಗಿದೆ ಎಂದೇ ದಫೇದಾರರು ಕುರ್ಚಿ ಎಳೆದುಕೊಟ್ಟರು. ಕಳುವಾಗಿದ್ದು ಒಂದು ಕೈಗಡಿಯಾರ.

"ಬರೀ ಗಡಿಯಾರ ಅನ್ಕೋಬೇಡಿ ಮೇಡಂ," ಎಂದರು ಇನ್‌ಸ್ಪೆಕ್ಟರ್ ಎದುರು ಕೂತು. "ನೀರಿನಾಳಕ್ಕೆ ಇಳಿಯೋರಿಗೆ ಅಂತ ಐವತ್ತು ವರ್ಷದ ಹಿಂದೆ ಮಾಡಿದ್ದು. ಪ್ರಪಂಚದಲ್ಲಿ ನೂರು ಉಳಿದಿದ್ರೆ ಹೆಚ್ಚು. ಹಳೇ ಗಡಿಯಾರ ಕೂಡಿಡೋರು ಇದಕ್ಕೆ ಪ್ರಾಣ ಬಿಡ್ತಾರೆ."

"ಗುರುತು?"

"ಬೆನ್ನ ಮೇಲೆ ಮೂವತ್ತೇಳು ಅಂತ ಮೊಳೆಯಲ್ಲಿ ಗೀಚಿದೆ."

"ಯಾವಾಗಿನಿಂದ ನಿಮ್ಮ ಹತ್ರ ಇದೆ? ಹೇಗೆ ಬಂತು?"

ಕಳುವಿನ ದೂರು ಯಾರೇ ತರಲಿ, ಈ ಎರಡು ಪ್ರಶ್ನೆ ತಪ್ಪಿದ್ದಲ್ಲ. ಕಂಟ್ರಾಕ್ಟರು ಅದಕ್ಕೇ ಕಾದಿದ್ದವರಂತೆ ಜೇಬಿನಿಂದ ಒಂದು ಕಾರ್ಡು ತೆಗೆದರು. ಅವರದೇ ಕೈಬರಹ: ಹತ್ತೊಂಬತ್ತು ವರ್ಷದ ಹಿಂದಿನ ಇಸವಿ, ಮಾರ್ಚ್ ಹದಿನಾಲ್ಕು.

"ಅಣೆಕಟ್ಟಿನ ಗೇಟ್ ರಿಪೇರಿ ನಾನೇ ಮಾಡಿಸ್ತಿದ್ದೆ. ಅಲ್ಲಿನ ಮುಳುಗುಗಾರ ಒಬ್ಬ ಖುಷಿಯಿಂದ ನನ್ನ ಕೈಗೆ ಕೊಟ್ಟ. ಅಂಗಡಿ ಮುಟ್ಟಿದ ಮಾಲಲ್ಲ. ಕತೆ ಇಲ್ಲದ ಗಡಿಯಾರಕ್ಕೆ ನಮ್ಮಲ್ಲಿ ಮರ್ಯಾದೆ ಇಲ್ಲ ಮೇಡಂ."

ಹೇಳಿದ್ದನ್ನೆಲ್ಲ ಬರೆಸಿ, ಕಾರ್ಡನ್ನು ಲಗತ್ತಿಸಿ, ದೊಡ್ಡದಾಗಿ ಸಹಿ ಹಾಕಿದರು. ಹನ್ನೊಂದಕ್ಕೆ ಎಫ್‌ಐಆರ್ ಆಯಿತು.

"ಪಂಚರ ಸಾಕ್ಷಿಗೆ ನಮ್ಮ ಮುಳುಗೋನನ್ನೇ ಕರೀಲಾ?" ಎಂದು ದಫೇದಾರರು ಕೇಳಿದರು. ಕೆರೆಯಲ್ಲೋ ಬಾವಿಯಲ್ಲೋ ಹೆಣ ಇದ್ದರೆ ಠಾಣೆಗೆ ಮೊದಲು ನೆನಪಾಗುವವನು ಅವನೇ. ನಲವತ್ತೊಂದು ಹೆಣ ಎತ್ತಿಕೊಟ್ಟಿದ್ದ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಪಂಚನಾಮೆಗೆ ಸಹಿ ಹಾಕಿ ಹಾಕಿ, ಅದರ ಒಕ್ಕಣೆ ಅವನಿಗೆ ಬಾಯಿಪಾಠವಾಗಿತ್ತು. ಇವನೇ ಠಾಣೆ ನಡೆಸಬಹುದು, ನಾವು ಮನೆಗೆ ಹೋಗೋಣ ಎಂದು ದಫೇದಾರರು ತಮಾಷೆ ಮಾಡುತ್ತಿದ್ದರು. ಅವತ್ತು ಅವನು ಫೋನ್ ಎತ್ತಲಿಲ್ಲ. ಪಕ್ಕದ ಬೀದಿಯ ಟೈಲರನ್ನೂ ಒಬ್ಬ ಡ್ರೈವರನ್ನೂ ಹಿಡಿದು ತಂದರು.

ಕಂಟ್ರಾಕ್ಟರ ಮನೆಯ ಗಾಜಿನ ಬೀರುವಿನಲ್ಲಿ ಹನ್ನೊಂದು ಗಡಿಯಾರ ಹಾಗೇ ಇದ್ದವು, ಎರಡು ಚಿನ್ನದವು. ಹನ್ನೆರಡನೆಯದರ ಜಾಗದಲ್ಲಿ ಅದಕ್ಕೆ ಕಂಟ್ರಾಕ್ಟರು ಹಾಕಿಸಿದ್ದ ಚರ್ಮದ ಪಟ್ಟಿಯನ್ನು ಮಾತ್ರ ಬಿಚ್ಚಿ, ಮಡಿಸಿ ಇಟ್ಟಿತ್ತು.

"ಕಾರ್ಡು ಎಲ್ಲಿತ್ತು?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲೇ, ಪಟ್ಟಿ ಮೇಲೆ."

ಮಾರುವ ಕಳ್ಳನಾದರೆ ಕಾರ್ಡು ಬಿಡುವುದಿಲ್ಲ, ಮಾಮೂಲಿ ಕಳ್ಳನಾದರೆ ಚಿನ್ನ ಬಿಡುವುದಿಲ್ಲ. ಇನ್‌ಸ್ಪೆಕ್ಟರಿಗೆ ಇದು ಸರಿಬರಲಿಲ್ಲ.

"ಹೊರಗಿನವರು ಯಾರಾದ್ರೂ ಬಂದಿದ್ರಾ?"

ಸೊಸೆ ಹೇಳಿದಳು: "ನಿನ್ನೆ ನೀರಿನ ತೊಟ್ಟಿ ತೊಳೆಯೋನು ಬಂದಿದ್ದ. ಹೋದ ವಾರವೂ ಬಂದಿದ್ದ. ಆಗ ಮಾವನೇ ಬೀರು ತೆಗೆದು ಇದನ್ನ ಅವನ ಕೈಗೆ ಕೊಟ್ಟು ತೋರಿಸಿದ್ರು. ಬೆನ್ನು ತಿರುಗಿಸಿ ನೋಡಿದ. ಆ ನಂಬರನ್ನ ಬೆರಳಲ್ಲಿ ಒರೆಸಿ ಒರೆಸಿ ನೋಡಿದ. ನೀರಲ್ಲಿ ನಿಂತಿದ್ನಲ್ಲ, ಒದ್ದೆ ಕೈ ತಾಗ್ತೇನೋ ಅನ್ಕೊಂಡೆ."

"ನೋಡೋಕೆ ಹೇಗಿದ್ದ?"

"ಕಪ್ಪಗೆ, ಎತ್ತರಕ್ಕೆ. ಒಂದು ಕಿವಿ ಕೇಳಿಸಲ್ಲ ಅವನಿಗೆ."

ದಫೇದಾರರ ಪೆನ್ನು ನಿಂತಿತು. ಜೀಪು ಅರ್ಧ ದಾರಿಗೆ ಬಂದಾಗ, "ಮೇಡಂ, ಅದು ನಮ್ಮ ಮುಳುಗೋನೇ. ಅವನಿಗೊಬ್ಬ ಅಣ್ಣ ಇದ್ದ," ಎಂದರು. "ಗೇಟ್ ಕೆಲಸಕ್ಕೆ ಇಳಿದೋನು ಮೇಲೆ ಬರ್ಲಿಲ್ಲ. ದೂರು ಬರ್ಕೊಂಡಿದ್ದು ನಾನೇ."

ಸಂಜೆ ನಾಲ್ಕಕ್ಕೆ ಮುಳುಗುಗಾರನ ಮನೆ ಬಾಗಿಲು ತೆರೆದೇ ಇತ್ತು. ಒಂದೇ ಕೋಣೆ, ಗೋಡೆಗೆ ರಬ್ಬರಿನ ಉಡುಪು ನೇತುಹಾಕಿತ್ತು. ಮೇಜಿನ ಮೇಲೆ ಗಡಿಯಾರ ಎಲ್ಲರಿಗೂ ಕಾಣುವ ಹಾಗಿತ್ತು. ಪಕ್ಕದಲ್ಲಿ ಮಡಿಕೆ ಮಡಿಕೆಯಲ್ಲಿ ಹರಿದ ಒಂದು ಹಳೆಯ ಕಾಗದ. ಅವನ ಅತ್ತಿಗೆ ಗೋಡೆಗೆ ಒರಗಿ ಕೂತಿದ್ದಳು.

"ತಡ ಮಾಡಿದ್ರಿ ಮೇಡಂ. ಮಧ್ಯಾಹ್ನಕ್ಕೇ ಬರ್ತೀರಿ ಅನ್ಕೊಂಡಿದ್ದೆ."

"ನೀನೇ ತಗೊಂಡ್ಯಾ?"

"ನಾನೇ."

"ಯಾಕೆ?"

ಅವನು ಕಾಗದವನ್ನು ಮುಂದೆ ತಳ್ಳಿದ. ಕಾಣೆಯಾದವರ ದೂರಿನ ನಕಲು. ಕಾರ್ಡಿನಲ್ಲಿದ್ದ ಅದೇ ಇಸವಿಯ ಮಾರ್ಚ್ ಹನ್ನೊಂದರಂದು ನೀರಿಗಿಳಿದ ಮುಳುಗುಗಾರ ಮೇಲೆ ಬಂದಿಲ್ಲ. ಮೈಮೇಲೆ ಮುಳುಗಲು ಭಾರಕ್ಕೆ ಕಟ್ಟುವ ಸೀಸದ ಬೆಲ್ಟು, ಎಡಗೈಯಲ್ಲಿ ಗಡಿಯಾರ, ಹಿಂಬದಿ ಅವನ ಹಾಜರಿ ಸಂಖ್ಯೆ ಮೂವತ್ತೇಳು. ಕೆಳಗೆ, ಒಂದು ವಾರ ಬಿಟ್ಟು ಕೊಟ್ಟ ಕಂಟ್ರಾಕ್ಟರ ಹೇಳಿಕೆ: ದೇಹವಾಗಲಿ ವಸ್ತುಗಳಾಗಲಿ ದೊರೆತಿರುವುದಿಲ್ಲ. ಬೆಳಿಗ್ಗೆ ಎಫ್‌ಐಆರ್‌ಗೆ ಹಾಕಿದ್ದ ಅದೇ ದೊಡ್ಡ ಸಹಿ.

ಇನ್‌ಸ್ಪೆಕ್ಟರ್ ಕಾಗದವನ್ನು ಮಡಿಕೆ ಹರಿಯದಂತೆ ಕೆಳಗಿಟ್ಟರು.

"ನನ್ನ ಹತ್ರ ಬರಬಹುದಿತ್ತಲ್ಲ?"

"ಬಂದು ಏನನ್ಲಿ? ಅವರ ಬೀರಲ್ಲಿ ನಮ್ಮಣ್ಣನ ಗಡಿಯಾರ ಇದೆ ಅಂತ್ಲಾ? ಇದು ಎಲ್ಲೋ ಕೊಂಡಿದ್ದು ಅಂತಿದ್ರು. ಮಾರನೇ ದಿನ ಗಡಿಯಾರಾನೂ ಇರ್ತಿರ್ಲಿಲ್ಲ, ಕಾರ್ಡೂ ಇರ್ತಿರ್ಲಿಲ್ಲ." ಕೇಳುವ ಕಿವಿಯನ್ನು ಅವರ ಕಡೆಗೆ ತಿರುಗಿಸಿ ಕೂತ. "ಅವರ ಬಾಯಲ್ಲೇ ಬರಬೇಕಿತ್ತು. ಕಳುವಾದ್ರೆ ನೀವು ಕೇಳೇ ಕೇಳ್ತೀರಿ, ಯಾವಾಗ ಬಂತು, ಹೇಗೆ ಬಂತು. ಅವರೇ ಬರೆಸಿ ಸಹಿ ಹಾಕ್ತಾರೆ. ಇಷ್ಟು ವರ್ಷ ನಿಮ್ಮ ಜೊತೆ ಇದ್ದು ಅಷ್ಟು ಕಲೀಲಿಲ್ವಾ?"

ಅತ್ತಿಗೆ ಆಗ ಮಾತಾಡಿದಳು. ಅವಳು ನೋಡಿದ್ದು ದಫೇದಾರರನ್ನು. "ಹೆಣ ಇಲ್ದೆ ಕೇಸಿಲ್ಲ ಅಂದ್ರಿ. ನಾಲ್ಕು ಸಲ ಬಂದೆ. ಹೆಣ ಇಲ್ದೆ ಮರಣಪತ್ರಾನೂ ಇಲ್ಲ ಅಂದ್ರು ಕಚೇರೀಲಿ. ಹತ್ತೊಂಬತ್ತು ವರ್ಷದಿಂದ ನಾನು ಕಾಣೆಯಾದವನ ಹೆಂಡ್ತಿ."

ದಫೇದಾರರು ತಲೆ ತಗ್ಗಿಸಿದರು. ಕ್ಷಮಿಸಮ್ಮ ಎಂದದ್ದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

ನಾಲ್ಕು ಐವತ್ತಕ್ಕೆ ಗಡಿಯಾರವನ್ನು ಜಪ್ತಿ ಮಾಡಿ ಮುಳುಗುಗಾರನನ್ನು ಬಂಧಿಸಲಾಯಿತು. ಬಿಟ್ಟುಬಿಡಬೇಕೆಂದು ಇನ್‌ಸ್ಪೆಕ್ಟರಿಗೆ ಅನಿಸಿತು. ಆದರೆ ಕಳುವಿನ ಕೇಸು ಉಳಿದರೇ ಆ ದೂರು ಉಳಿಯುತ್ತದೆ, ಕಂಟ್ರಾಕ್ಟರ ಸಹಿ ಉಳಿಯುತ್ತದೆ. ಅದು ಅವನಿಗೂ ಗೊತ್ತಿತ್ತು. ತಾನೇ ಹೋಗಿ ಜೀಪಿನ ಹಿಂದೆ ಕೂತ.

ಬುಧವಾರ ಬೆಳಿಗ್ಗೆ ಕಂಟ್ರಾಕ್ಟರು ಗಡಿಯಾರ ಸಿಕ್ಕಿತೆಂದು ನಗುತ್ತಲೇ ಬಂದರು. ಇನ್‌ಸ್ಪೆಕ್ಟರ್ ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟರು.

"ಹನ್ನೊಂದನೇ ತಾರೀಕು ನೀರಲ್ಲಿ ಹೋದೋನು, ಹದಿನಾಲ್ಕಕ್ಕೆ ಖುಷಿಯಿಂದ ಹೇಗೆ ಕೊಟ್ಟ?"

ಕಂಟ್ರಾಕ್ಟರು ಫೋನ್ ತೆಗೆದರು. ವಕೀಲರು ಬರಲಿ ಎಂದರು. ವಕೀಲರು ಬಂದು ಎರಡೂ ಸಹಿ ನೋಡಿ ಕನ್ನಡಕ ತೆಗೆದು ಕೆಳಗಿಟ್ಟರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಹೊರಬಂತು. ಹದಿನಾಲ್ಕರಂದು ಗೇಟ್ ಎತ್ತಿದಾಗ ಅದಕ್ಕೆ ಸಿಕ್ಕಿಕೊಂಡಿದ್ದ ಹೆಣವೂ ಮೇಲೆ ಬಂದಿತ್ತು. ಅಷ್ಟು ಆಳಕ್ಕೆ ಇಳಿಸಲು ಪರವಾನಗಿ ಇರಲಿಲ್ಲ, ಮಾರನೇ ದಿನವೇ ಗೇಟಿನ ಉದ್ಘಾಟನೆ. ಜಲ್ಲಿ ರಾಶಿಯ ಹಿಂದೆ ಗುಂಡಿ ತೋಡಿಸಿ ಹೂಳಿಸಿದರು. ಅಲುಗಿಸಿದೊಡನೆ ಗಡಿಯಾರ ಮತ್ತೆ ನಡೆಯಿತಂತೆ. ಅದನ್ನು ಮಣ್ಣಿಗೆ ಹಾಕಲು ಮನಸ್ಸು ಬರಲಿಲ್ಲ ಎಂದರು. ಮನುಷ್ಯನ ವಿಷಯದಲ್ಲಿ ಅವರು ಆ ಮಾತು ಹೇಳಲಿಲ್ಲ. ಸಂಜೆ ಅವರನ್ನೂ ಬಂಧಿಸಲಾಯಿತು.

ಗುರುವಾರ ಬೆಳಿಗ್ಗೆ ಏಳು ಹದಿನೈದಕ್ಕೆ ಅಗೆತ ಶುರುವಾಯಿತು. ಗುರುತು ಹಿಡಿಯಲು ತಮ್ಮನನ್ನೂ ಕರೆತಂದಿದ್ದರು. ಪೇದೆಯೊಬ್ಬ ಅವನ ಮುಂಗೈ ಹಿಡಿದಿದ್ದ, ಹೆಸರಿಗಷ್ಟೆ. ಒಂಬತ್ತಕ್ಕೆ ಮೊದಲು ಸೀಸದ ಬೆಲ್ಟು ಕಂಡಿತು, ಆಮೇಲೆ ಉಳಿದದ್ದು. ಅತ್ತಿಗೆ ಗುಂಡಿಯ ಅಂಚಿಗೆ ಬಂದು ಕೂತಳು. ಮುಳುಗುಗಾರ ಅವಳ ಹಿಂದೆ ನಿಂತು, "ಅಣ್ಣನೇ," ಎಂದ.

ದಫೇದಾರರು ಕೂತಲ್ಲೇ ಪಂಚನಾಮೆ ಬರೆದು ಮುಗಿಸಿದರು. ಅಕ್ಷರ ವಕ್ರವಾಗಿತ್ತು. ಇಷ್ಟು ವರ್ಷದ ರೂಢಿ, ಹಲಗೆಯನ್ನೂ ಪೆನ್ನನ್ನೂ ಅವನ ಕಡೆಗೇ ಚಾಚಿದರು. ಅವನೂ ಒಣಗಿದ್ದ ಕೈಯನ್ನೇ ಅಂಗಿಗೆ ಒರೆಸಿಕೊಂಡ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡ.

"ನಾನು ಆರೋಪಿ ಅಣ್ಣಾ," ಎಂದ. "ನನ್ನ ಸಹಿ ನಡೆಯಲ್ಲ. ಬೇರೆ ಯಾರನ್ನಾದ್ರೂ ಕರೀರಿ."