ಉಯ್ಯಾಲೆ ಮೇಲೆ ಕೂತ ಬೂದುಗುಂಬಳಕಾಯಿ

ಬಲು ಹಿಂದೆ, ಮೋಡಗಳು ದಣಿದಾಗ ಮನೆ ಮಾಳಿಗೆ ಮೇಲೆ ಕೂತು ಹೋಗ್ತಿದ್ದ ಕಾಲದಲ್ಲಿ, ಎಳ್ಳುಕೋಟೆ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಚನ್ನಿಗ ಅಂತ ಒಬ್ಬ ಹುಡುಗ ಇದ್ದ. ಅಪ್ಪ ಅಮ್ಮ ಇಲ್ಲದೋನು, ಅಕ್ಕ ಕಾಳಮ್ಮನ ಮನೇಲಿ ಬೆಳೆದಿದ್ದ. ಮೀಸೆ ಚಿಗುರೋ ವಯಸ್ಸಿಗೆ ಅವನಿಗೆ ಅರಮನೇಲಿ ಕೆಲಸ ಸಿಕ್ತು. ರಾಜನಿಗೆ ಕೊಡೆ ಹಿಡಿಯೋ ಕೆಲಸ. ಜೊತೆಗೆ ಒಂದು ಕೆಂಪು ಪೇಟ ಕೊಟ್ರು. ಪೇಟ ಬಂದ್ಮೇಲೆ ಚನ್ನಿಗ ಬಗ್ಗೋದನ್ನೇ ಬಿಟ್ಟ. ಬಗ್ಗಿದ್ರೆ ಪೇಟ ಬೀಳುತ್ತಲ್ಲ!

ಅಕ್ಕನಿಗೆ ಇಬ್ಬರು ಮಕ್ಕಳು. ದೊಡ್ಡೋಳು ಚಿಕ್ಕತಾಯಿ, ಚಿಕ್ಕೋನು ಮುದ್ದ. ರಾಜನ ರೆಕ್ಕೆ ಕುದುರೆಗಳು ಅವರ ಬೀದೀಲೇ ಇಳೀತಿದ್ವು. ಯಾವಾಗ ತಲೆ ಮೇಲೆ ಗೊರಸು ಬೀಳುತ್ತೋ ಗೊತ್ತಿಲ್ಲ. ಹಾಗಾಗಿ ಮಕ್ಕಳು ಹೊಸಲು ದಾಟೋ ಹಾಗಿರ್ಲಿಲ್ಲ.

"ಮಾವ, ಹಿತ್ತಲಲ್ಲೇ ನಮ್ಗೆ ಆಟ ಕಟ್ಕೊಡು ಮಾವ," ಅಂತ ಇಬ್ಬರೂ ಅವನ ಕಾಲು ಹಿಡ್ಕೊಂಡ್ರು.

ಚನ್ನಿಗ ಕಟ್ದ. ನುಣುಪಾದ ಚಪ್ಪಡಿ ಓರೆಯಾಗಿ ನಿಲ್ಸಿ ಜಾರುಬಂಡೆ ಮಾಡ್ದ. ಮರದ ದಿಮ್ಮಿ ಮೇಲೆ ಉದ್ದದ ಹಲಗೆ ಅಡ್ಡ ಇಟ್ಟು, ಒಬ್ರು ಏರಿದ್ರೆ ಒಬ್ರು ಇಳಿಯೋ ಆಟ ಮಾಡ್ದ. ಬೇವಿನ ಮರಕ್ಕೆ ಹಗ್ಗ ಬಿಗಿದು ಉಯ್ಯಾಲೆ ಕಟ್ದ. ಕೆಲಸ ಚೆನ್ನಾಗೇ ಇತ್ತು.

ಆದ್ರೆ ಎಳ್ಳುಕೋಟೇಲಿ ಒಂದು ಪದ್ಧತಿ ಇತ್ತು. ಮಕ್ಕಳಿಗೆ ಆಟ ಕಟ್ಟಿದೋನು ತಾನೇ ಮೊದಲು ಅದರಲ್ಲಿ ಆಡ್ಬೇಕು. ಮಕ್ಕಳು ಆಮೇಲೆ. ಕಟ್ಟಿದೋನು ಆಡದ ಆಟ ಮಾಯಗಾರ ಬಾವಲಯ್ಯನ ಪಾಲು ಅಂತ ಎಲ್ರಿಗೂ ಗೊತ್ತಿತ್ತು.

ಹಿತ್ತಲ ಗೋಡೆ ಮೇಲೆ ನೆರೆಹೊರೆಯೋರೆಲ್ಲ ಸಾಲಾಗಿ ಕೂತಿದ್ರು.

"ಕೊಡೆ ದೊರೆಗಳು ಜಾರೋದು ಯಾವಾಗಪ್ಪಾ?" ಅಂದ್ರು ಪಕ್ಕದ್ಮನೆ ಪಾರವ್ವಜ್ಜಿ.

"ಜಾರಿದ್ರೆ ಪೇಟ ಮೊದ್ಲು ಇಳಿಯುತ್ತೋ, ದೊರೆ ಮೊದ್ಲೋ?" ಅಂದ ಇನ್ನೊಬ್ಬ. ಎಲ್ರೂ ನಕ್ರು.

ಚನ್ನಿಗನ ಕಿವಿ ಕೆಂಪಾಯ್ತು. ಅರಮನೆ ಕೆಲಸದೋನು ಎಲ್ರೆದುರು ಚಿಕ್ಕ ಮಗು ಥರ ಜಾರೋದಾ? "ನಾಳೆ ಆಡ್ತೀನಿ," ಅಂದ. ಮಾರನೇ ದಿನ ಬೆಳಿಗ್ಗೆ ಗೋಡೆ ಮೇಲೆ ಯಾರೂ ಇರ್ಲಿಲ್ಲ. ಆದ್ರೂ ನಾಚಿಕೆ ಹೋಗ್ಲಿಲ್ಲ. ಚಪ್ಪರದಿಂದ ಒಂದು ಬೂದುಗುಂಬಳಕಾಯಿ ಕಿತ್ತು ಹೆಗಲ ಮೇಲೆ ಹೊತ್ಕೊಂಡು ಬಂದ. ತನ್ನ ಬದ್ಲು ಅದನ್ನೇ ಜಾರಿಸ್ದ. ಅದನ್ನೇ ಹಲಗೆ ಮೇಲೆ ಕೂರಿಸ್ದ. ಅದನ್ನೇ ಉಯ್ಯಾಲೇಲಿಟ್ಟು ತೂಗ್ದ.

ಅಡುಗೆಮನೆಯಿಂದ ಅಕ್ಕ ಕೂಗಿ ಕೇಳಿದ್ಲು, "ಕೂತ್ಯೇನೋ ಚನ್ನಿಗ?"

"ಹೂಂ ಕಣಕ್ಕ, ಕೂತೆ."

ಅಷ್ಟೇ. ಒಂದು ಹೂಂ.

ಅಕ್ಕ ಮಕ್ಕಳನ್ನ ಉಯ್ಯಾಲೇಲಿ ಕೂರ್ಸಿ, ಒಲೆ ಮೇಲಿನ ಹಾಲು ಉಕ್ಕುತ್ತೆ ಅಂತ ಒಳಗೆ ಓಡಿದ್ಲು. ಉಯ್ಯಾಲೆ ಮೇಲೆ ಹೋಯ್ತು, ಕೆಳಗೆ ಬಂತು. ಇನ್ನೂ ಮೇಲೆ ಹೋಯ್ತು, ಕೆಳಗೆ ಬಂತು. ಮೂರನೇ ಸಲ ಮೋಡ ಮುಟ್ಟೋಷ್ಟು ಮೇಲೆ ಹೋಯ್ತು. ಕೆಳಗೆ ಬಂದಾಗ ಖಾಲಿ ಇತ್ತು.

ಅಕ್ಕ ಎದೆ ಬಡ್ಕೊಂಡು ಅತ್ಲು. ಊರು ಸೇರ್ತು. "ಚನ್ನಿಗ ಕೂತಿದ್ದಾನಂತಲ್ಲ, ಆಟದ್ದೇನೂ ತಪ್ಪಿಲ್ಲ. ತಾಯಿ ಆದೋಳು ನೋಡ್ಕೋಬೇಡ್ವೇ?" ಅಂತ ಅಂದ್ರು. ಅಕ್ಕನೂ ಅದನ್ನೇ ನಂಬಿದ್ಲು. "ಹೌದು, ನಂದೇ ತಪ್ಪು. ಒಂದು ಪಾತ್ರೆ ಹಾಲಿಗೆ ನನ್ನ ಮಕ್ಕಳನ್ನ ಕಳ್ಕೊಂಡೆ," ಅಂತ ಹಣೆ ಚಚ್ಕೊಂಡ್ಲು.

ಚನ್ನಿಗ ಪಕ್ಕದಲ್ಲೇ ನಿಂತಿದ್ದ. ಹೆಗಲಿಗೆ ಅಂಟಿದ್ದ ಕುಂಬಳಕಾಯಿ ಬೂದೀನ ಮೆಲ್ಲಗೆ ಒರೆಸ್ಕೊಂಡ. ಭೂಮಿ ಬಾಯಿ ಬಿಟ್ಟು ನುಂಗಬಾರ್ದಾ ಅನ್ನಿಸ್ತು. ಎಲ್ರೂ ಅಕ್ಕನ್ನ ಒಳಗೆ ಕರ್ಕೊಂಡು ಹೋದ್ಮೇಲೆ, ತಾನೇ ಉಯ್ಯಾಲೆ ಹತ್ತಿ ಜೋರಾಗಿ ಜೀಕ್ದ. ಮೂರನೇ ಸಲಕ್ಕೆ ಮೋಡದ ಆಚೆ ಬಿದ್ದ.

ಅಲ್ಲೂ ಒಂದು ಹಿತ್ತಲು ಇತ್ತು. ಅಕ್ಕನ ಹಿತ್ತಲ ಹಾಗೇ, ಆದ್ರೆ ಬೆಟ್ಟದಷ್ಟು ದೊಡ್ಡದು. ಚಪ್ಪರದ ತುಂಬ ಕುಂಬಳಕಾಯಿ. ಮರದಲ್ಲಿ ಮಾಯಗಾರ ಬಾವಲಯ್ಯ ತಲೆಕೆಳಗಾಗಿ ನೇತಾಡ್ತಿದ್ದ.

"ಬಾರಪ್ಪಾ ಪೇಟದ ದೊರೆ," ಅಂದ. "ನೀನು ನಿನ್ನ ಬದ್ಲು ಕುಂಬಳಕಾಯಿ ಕೂರಿಸ್ದೆ. ನಾನು ಮಕ್ಕಳನ್ನೇ ಕುಂಬಳಕಾಯಿ ಮಾಡ್ದೆ. ಲೆಕ್ಕ ಸರಿ ಹೋಯ್ತಲ್ಲ?"

"ಮಕ್ಕಳನ್ನ ಕೊಡು. ಏನು ಬೇಕಾದ್ರೂ ಮಾಡ್ತೀನಿ."

"ಹಾಗಾದ್ರೆ ನೀನು ಆಡದ ಮೂರು ಆಟ ಆಡು."

ಮೊದಲನೇದು ಜಾರುಬಂಡೆ. ಅದರ ಬುಡದಲ್ಲಿ ಒಂದು ಮೊಸಳೆ ಬಾಯಿ ಬಿಟ್ಕೊಂಡಿತ್ತು. ಸುತ್ತ ಮೈನಾ ಹಕ್ಕಿಗಳು ನೆರೆಹೊರೆಯೋರ ದನೀಲೇ, "ದೊರೆ ಜಾರ್ತಾನೆ ನೋಡ್ರೋ!" ಅಂತ ಕಿರುಚ್ತಿದ್ವು. ಎರಡೂ ಕೈ ಮೇಲೆತ್ತಿ ಜಾರ್ಬೇಕು, ಮುಖ ಮುಚ್ಕೊಳ್ಳೋ ಹಾಗಿಲ್ಲ. ಚನ್ನಿಗ ಜಾರ್ದ. ಪೇಟ ಹಾರಿ ಮೊಸಳೆ ಬಾಯಿಗೆ ಬಿತ್ತು. ಹಿಡ್ಕೊಳ್ಳೋಕೆ ಅವನ ಕೈ ತುಡೀತು, ಆದ್ರೆ ಇಳಿಸ್ಲಿಲ್ಲ. ಮೊಸಳೆ ಪೇಟದ ಬಟ್ಟೆ ಅಗೀತಾ ಕೂತ್ಕೊಳ್ತು. ಚನ್ನಿಗ ಅದರ ಪಕ್ಕದಲ್ಲೇ ಜಾರಿ ಪಾರಾದ.

ಎರಡನೇದು ಹಲಗೆ. ಅದರ ಆ ತುದೀಲಿ ಒಂದು ಆನೆ ಕೂತಿತ್ತು. ಚನ್ನಿಗ ಈ ತುದಿ ಹಿಡ್ಕೊಂಡು ಎಗರ್ದ, ಜೋತು ಬಿದ್ದ. ಹಲಗೆ ಅಲ್ಲಾಡ್ಲಿಲ್ಲ.

"ಮೈಭಾರ ಸಾಲ್ದಪ್ಪ," ಅಂತು ಆನೆ. "ಹೊಟ್ಟೆ ಒಳಗಿರೋ ಭಾರಾನೂ ಹಾಕು."

ಚನ್ನಿಗ ಆನೆ ಕಿವೀಲಿ ಹೇಳೋ ಹಾಗೆ ಮೆಲ್ಲಗೆ, "ಕೂತಿರ್ಲಿಲ್ಲ ನಾನು. ಅಕ್ಕನಿಗೆ ಸುಳ್ಳು ಹೇಳ್ದೆ," ಅಂದ. ಆನೆ ಒಂದು ಗೇಣು ಮೇಲೆ ಹೋಯ್ತು. "ಅಕ್ಕನ್ನ ಎಲ್ರೂ ಬೈದಾಗ ಸುಮ್ನಿದ್ದೆ," ಅಂದ. ಆನೆ ಸೊಂಯ್ ಅಂತ ಆಕಾಶಕ್ಕೆ ಹೋಯ್ತು.

ಬಾವಲಯ್ಯನ ಮುಖ ಕಪ್ಪಿಟ್ಟಿತು. ಬಳ್ಳಿಯಿಂದ ಒಂದು ದೊಡ್ಡ ಕಾಯಿ, ಒಂದು ಚಿಕ್ಕ ಕಾಯಿ ಕಿತ್ತು ಕೊಟ್ಟ. "ಆನೆ ಹತ್ರ ಯಾರು ಬೇಕಾದ್ರೂ ಹೇಳ್ತಾರೆ ಕಣೋ. ಮೂರನೇ ಆಟ ನಿನ್ನ ಹಿತ್ತಲಲ್ಲೇ ಇದೆ. ಎಲ್ರೆದುರು ನಿಜ ಹೇಳಿ ಉಯ್ಯಾಲೇಲಿ ಕೂರು. ದೀಪ ಹಚ್ಚೋ ಹೊತ್ತು ದಾಟಿದ್ರೆ ಇವು ಕಾಯಾಗೇ ಉಳೀತಾವೆ."

ಚನ್ನಿಗ ಎರಡು ಕುಂಬಳಕಾಯಿ ತಬ್ಕೊಂಡು ಮೋಡದಿಂದ ಜಾರಿ ಅಕ್ಕನ ಹಿತ್ತಲಿಗೆ ಬಿದ್ದ. ಹೊತ್ತು ಇಳೀತಿತ್ತು. ಸದ್ದು ಕೇಳಿ ಎಲ್ರೂ ಓಡಿ ಬಂದ್ರು.

ಅಕ್ಕ ಅವನ ಕೈ ನೋಡಿದ್ಲು. "ನನ್ನ ಮಕ್ಕಳೆಲ್ಲೋ? ತರಕಾರಿ ತಂದ್ಯೇನೋ?" ಅಂದ್ಲು.

ಚನ್ನಿಗ ಸುತ್ತ ನೋಡ್ದ. ಇಷ್ಟು ಕಣ್ಣು. ಅದರಲ್ಲೂ ಅಕ್ಕನ ಅತ್ತು ಊದಿದ ಕಣ್ಣು. ಅವನು ನೆಲ ನೋಡ್ದ.

"ಪಾಪ, ಹುಡುಗನಿಗೆ ತಲೆ ಕೆಟ್ಟಿದೆ," ಅಂತ ಪಾರವ್ವಜ್ಜಿ ಚಿಕ್ಕ ಕಾಯಿ ಇಸ್ಕೊಂಡ್ರು. "ಬೆಳಗಿಂದ ಯಾರ ಹೊಟ್ಟೆಗೂ ಏನೂ ಬಿದ್ದಿಲ್ಲ. ಮಜ್ಜಿಗೆಹುಳಿ ಆದ್ರೂ ಮಾಡ್ತೀನಿ." ಒಳಗಿಂದ ಈಳಿಗೆಮಣೆ ತಂದು ಕೂತ್ರು. ಕಾಯಿ ಈಳಿಗೆ ಅಲಗಿನ ಹತ್ರ ಹೋಯ್ತು.

"ಅಜ್ಜೀ, ಬೇಡ! ಅದು ಮುದ್ದ!" ಅಂತ ಚನ್ನಿಗ ಕಿರುಚ್ದ. ಆಮೇಲೆ ಮಾತು ತಾನಾಗೇ ಬಂತು. "ನಾನು ಕೂತಿರ್ಲಿಲ್ಲ ಅಕ್ಕ. ನೀವೆಲ್ಲ ನಗ್ತೀರ ಅಂತ ಕುಂಬಳಕಾಯಿ ಕೂರಿಸ್ದೆ. ಕೂತೆ ಅಂತ ಸುಳ್ಳು ಹೇಳ್ದೆ. ನೀನು ಹಣೆ ಚಚ್ಕೊಂಡಾಗ್ಲೂ ಹೇಳ್ಲಿಲ್ಲ. ಹಾಲಿಂದು ಏನೂ ತಪ್ಪಿಲ್ಲ ಅಕ್ಕ. ನಂದು ತಪ್ಪು."

ಯಾರೂ ನಗ್ಲಿಲ್ಲ. ನಕ್ಕಿದ್ರೆ ಚೆನ್ನಾಗಿತ್ತು ಅನ್ನಿಸ್ತು ಅವನಿಗೆ.

ಎರಡೂ ಕಾಯಿ ತೊಡೆ ಮೇಲಿಟ್ಕೊಂಡು ಉಯ್ಯಾಲೇಲಿ ಕೂತ. ಕಾಯಿ ಹಿಡ್ಕೊಂಡು ಜೀಕೋಕೆ ಆಗ್ಲಿಲ್ಲ. "ಅಕ್ಕ, ತಳ್ಳಕ್ಕ," ಅಂದ.

ಅಕ್ಕ ಹಿಂದೆ ಬಂದು ನಿಂತ್ಲು. ಬೆನ್ನಿಗೆ ಗುದ್ದಿದ ಹಾಗೆ ತಳ್ಳಿದ್ಲು. ಇನ್ನೊಂದ್ಸಲ ತಳ್ಳಿದ್ಲು. ಮೂರನೇ ಸಲ ತಳ್ಳುವಾಗ ಅವಳ ಕೈ ಸ್ವಲ್ಪ ಮೆತ್ತಗಾಗಿತ್ತು. ಉಯ್ಯಾಲೆ ಮೇಲೆ ಹೋಯ್ತು. ಕೆಳಗೆ ಬಂದಾಗ ಚನ್ನಿಗನ ತೊಡೆ ಮೇಲೆ ಚಿಕ್ಕತಾಯಿ ಕೂತಿದ್ಲು, ಮುದ್ದ ಕೂತಿದ್ದ.

"ಮಾವ, ನೀನ್ಯಾಕೆ ಕೂತಿದ್ದೀಯ? ಇದು ನಮ್ದು!" ಅಂದ ಮುದ್ದ.

ಬಾವಲಯ್ಯ ಜನ ಮುಚ್ಚಿಟ್ಟ ಸುಳ್ಳಿಗೆ ಜೋತು ಬಿದ್ದು ಬದುಕಿದ್ದೋನು. ಸುಳ್ಳು ಹೊರಬಿದ್ದಿದ್ದೇ ಹಿಡಿತ ತಪ್ಪಿ ಮೋಡದಿಂದ ಬಿದ್ದ. ಬೀಳ್ತಾ ಬೀಳ್ತಾ ಬರೀ ಒಂದು ಬಾವಲಿ ಆಗಿ ಹಾರಿ ಹೋದ. ಅವನ ಚಪ್ಪರದ ಕಾಯಿಗಳೆಲ್ಲ ಅವನು ಹಿಂದೆ ಕದ್ದಿದ್ದ ಮಕ್ಕಳಾಗಿ, ಕಾಳಮ್ಮನ ಜಾರುಬಂಡೆ ಮೇಲಿಂದ ಒಬ್ಬೊಬ್ರಾಗಿ ಜಾರಿ ಬಂದು, ತಂತಮ್ಮ ಮನೆ ಸೇರಿದ್ರು.

ಆ ದಿನ ಅಕ್ಕ ತಮ್ಮನ ಹತ್ರ ಮಾತಾಡ್ಲಿಲ್ಲ. ಮಾರನೇ ದಿನಾನೂ ಇಲ್ಲ. ಅದರ ಮಾರನೇ ದಿನ, "ಅನ್ನ ಆರೋಗುತ್ತೆ, ಬಾರೋ," ಅಂದ್ಲು. ಚನ್ನಿಗ ಹೋಗಿ ಉಂಡ.

ಪೇಟ ಹೋಗಿದ್ರೂ ರಾಜ ಅವನ್ನ ಕೆಲಸದಿಂದ ತೆಗೀಲಿಲ್ಲ. ಊರಲ್ಲಿ ಯಾರ ಹಿತ್ತಲಲ್ಲಿ ಆಟ ಕಟ್ಟಿದ್ರೂ ಕಟ್ಟಿದೋರೇ ಮೊದ್ಲು ಕೂರ್ತಿದ್ರು, ಅವರ ಜೊತೆ ಚನ್ನಿಗನೂ ಬರಿ ತಲೇಲಿ ಕೂರ್ತಿದ್ದ. ಎಳ್ಳುಕೋಟೆಯೋರೆಲ್ಲ ನಗ್ತಾ ನಗ್ತಾ ಬಾಳಿದ್ರು. ಚನ್ನಿಗನೂ ಸುಖವಾಗೇ ಬಾಳ್ದ. ಮನೇಲಿ ಕುಂಬಳಕಾಯಿ ಹುಳಿ ಮಾಡಿದ ದಿನ ಮಾತ್ರ, ಯಾರೂ ಏನೂ ಅನ್ನದಿದ್ರೂ, ಒಂದ್ಸಲ ಹೆಗಲು ಮುಟ್ಟಿ ನೋಡ್ಕೊಂಡು, ತಲೆ ತಗ್ಗಿಸ್ಕೊಂಡು ಉಣ್ತಿದ್ದ.