ಮೂರು ಬಾಯಿಯ ಅಜ್ಜ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಾಮೀನಿಲ್ಲ. ಗಾದೆಯ ಕತ್ತು ತಿರುಚಿದವನು ನಾನೇ, ಒಪ್ಪಿಕೊಳ್ಳುತ್ತೇನೆ. ಆದರೆ ಕೆಳಗಿನ ಕತೆಯ ಒಂದು ಕೂದಲನ್ನೂ ಕೊಂಕಿಸಿಲ್ಲ. ನಡೆದದ್ದು ನಡೆದ ಹಾಗೆ.

2021ರ ಜುಲೈ 7, ಬುಧವಾರ ಬೆಳಿಗ್ಗೆ. ಬಿಗಿ ಲಾಕ್‌ಡೌನ್. ಮಲೇಷ್ಯಾದ ಸುಬಾಂಗ್ ಜಯಾ ಊರಿನ ಪೊಲೀಸ್ ಠಾಣೆಯ ಬಾಗಿಲಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಜ್ವರ ಅಳೆಯುವ ಯಂತ್ರಕ್ಕೆ ಹಣೆಯೊಡ್ಡಿ ನಿಂತಿದ್ದರು. ಒಂದರ ಮೇಲೊಂದು ಎರಡು ಮಾಸ್ಕ್. ಹೆಸರು ಸುಮತಿ, ಊರು ಉಡುಪಿ. ಗಂಡ ಡಾ. ರಾಧಾಕೃಷ್ಣ ಇಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ಅನಾಟಮಿ ಪ್ರೊಫೆಸರ್.

ಕನ್ನಡದವರೆಂದು ತಿಳಿದದ್ದೇ ಕಾರ್ಪೊರಲ್ ಗೋಪಿನಾಥ ಅವರನ್ನು ಇನ್‌ಸ್ಪೆಕ್ಟರ್ ಕೀರ್ತಿರಾಜ್ ಕೋಣೆಗೆ ಕಳಿಸಿದ. ಗೋಪಿನಾಥ ಇಲ್ಲಿಯೇ ಹುಟ್ಟಿದ ತಮಿಳ. ಕನ್ನಡ ಅರ್ಧ ತಿಳಿಯುತ್ತದೆ, ಉಳಿದರ್ಧ ಊಹೆ. ಕೀರ್ತಿರಾಜನ ಅಜ್ಜ ಕುಂದಾಪುರದಿಂದ ರಬ್ಬರ್ ತೋಟದ ಗುಮಾಸ್ತರಾಗಿ ಬಂದವರು. ಮೊಮ್ಮಗ ಕನ್ನಡ ಕಲಿತದ್ದು ಅಜ್ಜಿಯ ಬೈಗುಳದಿಂದ, ಮಾತಿನ ಕೊನೆಗೊಂದು ‘ಲಾ’ ಅಂಟಿಸುವುದನ್ನು ಕಲಿತದ್ದು ಈ ಊರಿನವರಿಂದ.

“ಕಂಪ್ಲೇಂಟ್ ಯಾರ ಮೇಲೆ, ಆಂಟಿ?”

“ಒಬ್ಬ ಅಜ್ಜನ ಮೇಲೆ.”

“ಹೆಸರು?”

“ಅಜ್ಜ ಅಂತಲೇ. ವಾಟ್ಸಾಪಲ್ಲಿ ಭವಿಷ್ಯ ಹೇಳ್ತಾನೆ.”

“ದುಡ್ಡು ಕೇಳಿದ್ನಾ?”

“ಇಲ್ಲ. ಕೇಳಿದ್ರೆ ನಮ್ಮವರು ಅಲ್ಲೇ ಬ್ಲಾಕ್ ಮಾಡ್ತಿದ್ರು ಮಾರಾಯ್ರೆ.”

“ಮತ್ತೆ ಕ್ರೈಮ್ ಎಲ್ಲಿ ಲಾ?”

ಸುಮತಿ ಮೊಬೈಲ್ ಒತ್ತಿದರು. ಹಳೆಯ ಬಾವಿಯಿಂದ ಬಂದಂಥ ದನಿ. “ಮಗಾ ರಾಧಾಕೃಷ್ಣಾ... ಶುಕ್ರವಾರ ನಿನ್ನ ತೋಳಿಗೆ ಸೂಜಿ ಇಳಿದರೆ, ಮುಂದಿನ ಶುಕ್ರವಾರವನ್ನು ನೀನು ಕಾಣುವುದಿಲ್ಲ.” ಕೊನೆಗೊಂದು ಉದ್ದನೆಯ ಕೆಮ್ಮು. ಆ ಕಾಲದಲ್ಲಿ ಕೆಮ್ಮೆಂದರೆ ರೆಕಾರ್ಡಿನದ್ದಾದರೂ ಜನ ಹಿಂದೆ ಸರಿಯುತ್ತಿದ್ದರು, ಗೋಪಿನಾಥ ಸರಿದ.

“ನಾಡಿದ್ದು ಹತ್ತು ಗಂಟೆಗೆ ಅವರ ಲಸಿಕೆ” ಎಂದರು ಸುಮತಿ. “ಎಷ್ಟೋ ದಿನ ಕಾದು ಸಿಕ್ಕಿದ ಸ್ಲಾಟ್. ಅವರಿಗೆ ಸಕ್ಕರೆ ಕಾಯಿಲೆ ಉಂಟು. ಎದುರು ಮನೆಯವರನ್ನು ನಿನ್ನೆ ಆಂಬುಲೆನ್ಸಲ್ಲಿ ಕರ್ಕೊಂಡು ಹೋದ್ರು. ಇವರು ನೋಡಿದ್ರೆ ರೂಮಿನ ಚಿಲಕ ಹಾಕಿ ಕೂತಿದ್ದಾರೆ. ಸೂಜಿ ಬೇಡವಂತೆ.”

“ಅವರು ಡಾಕ್ಟರ್ ಅಲ್ವಾ?”

“ಹೆಣ ಕೊಯ್ಯುವ ಡಾಕ್ಟ್ರು. ಅವರ ರೋಗಿಗಳು ಯಾರೂ ಇಷ್ಟರವರೆಗೆ ತಿರುಗಿ ಹೆದರಿಸಿದ್ದಿಲ್ಲ.”

ಕೀರ್ತಿರಾಜ್ ನಗಲು ಹೋಗಿ ನಿಲ್ಲಿಸಿ, ದೂರಿನ ಹಾಳೆ ಎಳೆದುಕೊಂಡ.

ಪ್ರೊಫೆಸರ್ ನಂಬಿದ್ದಕ್ಕೆ ಕಾರಣವಿತ್ತು. ಲಾಕ್‌ಡೌನ್ ಎರಡು ವಾರ ಮುಂದೆ ಹೋಗುತ್ತದೆ ಎಂದು ಅಜ್ಜ ಮೊದಲೇ ಹೇಳಿದ್ದ, ಹೋಯಿತು. ಟೆಸ್ಟ್ ಕ್ರಿಕೆಟ್ ಫೈನಲ್ಲಿನಲ್ಲಿ ಭಾರತ ಸೋಲುತ್ತದೆ ಎಂದಿದ್ದ, ಸೋತಿತು. ಆಸ್ಪತ್ರೆ ಸೇರಿದ್ದ, ಇಲ್ಲಿನ ಕನ್ನಡ ಸಂಘದ ಹಿರಿಯರಾದ ಚಂದ್ರಮ್ಮ ಭಾನುವಾರದೊಳಗೆ ಮನೆಗೆ ಬರುತ್ತಾರೆ ಎಂದಿದ್ದ, ಬಂದರು. ಮೂರು ಸಲ ಸರಿ ಹೇಳಿದವನನ್ನು ಪ್ರೊಫೆಸರೇ ಕೈಮುಗಿದು ಕೇಳಿದ್ದರು: “ಶುಕ್ರವಾರ ಲಸಿಕೆಗೆ ಹೋಗಲಾ, ಅಜ್ಜ?”

ರಿಪೋರ್ಟ್ ದಾಖಲಾಯಿತು. ನಮ್ಮೂರಿನ ಬಾಯಲ್ಲಿ ಅದೇ ಎಫ್‌ಐಆರ್. ಫೋನಿನಲ್ಲಿ ಸುಳ್ಳು ಹೇಳಿ ಹೆದರಿಸುವವರಿಗೆ ಹಾಕುವ, ಸಂವಹನ ಕಾಯ್ದೆಯ 233ನೇ ಕಲಂ. ಅಜ್ಜನ ನಂಬರು ಪ್ರೀಪೇಯ್ಡ್. ಸಿಮ್ ಕೊಂಡಿದ್ದ ಕೂಲಿಯಾಳು ಲಾಕ್‌ಡೌನಿಗೆ ಮೊದಲೇ ತನ್ನ ದೇಶಕ್ಕೆ ಮರಳಿದ್ದ. ಫೋನು ದಿನಕ್ಕೆ ಒಂದೆರಡು ನಿಮಿಷ ಜೀವ ಹಿಡಿದು ಸಾಯುತ್ತಿತ್ತು.

ಆ ಮಧ್ಯಾಹ್ನ ಕೀರ್ತಿರಾಜ್ ಪರಿಚಯದ ಕನ್ನಡ ಮನೆಗಳಿಗೆಲ್ಲ ಫೋನು ಮಾಡಿದ. ಉತ್ತರ ಒಂದೇ: “ಅಜ್ಜನಾ? ಯಾವ ಅಜ್ಜ?”

ಸೈಬರ್‌ಜಯಾದ ಸಾಫ್ಟ್‌ವೇರ್ ಇಂಜಿನಿಯರ್ ಪ್ರಜ್ವಲ ಮಾತ್ರ “ನಿಮ್ಗೆ ಯಾರು ಹೇಳಿದ್ರು?” ಎಂದ. ಕೀರ್ತಿರಾಜ್ ಆ ಪ್ರಶ್ನೆಯನ್ನು ಹಿಡಿದುಕೊಂಡ.

“ಬಂದಿದೆ ಅಲ್ವಾ?”

“ಸರ್... ಆಫೀಸಲ್ಲಿ ನಾನೇ ಡೇಟಾ ಹೆಡ್ಡು. ಅಜ್ಜನ ಆಡಿಯೋ ಕೇಳ್ಕೊಂಡು ಕೂತಿದ್ದೆ ಅಂತ ಗೊತ್ತಾದ್ರೆ ಮುಖ ಎಲ್ಲಿ ಇಟ್ಕೊಳ್ಲಿ? ಇಂಡಿಯಾ ಗೆಲ್ಲತ್ತೆ ಅಂದಿದ್ದ. ಸೋತ ಮೇಲೆ ಡಿಲೀಟ್ ಮಾಡಿ ಬಾಯ್ಮುಚ್ಕೊಂಡೆ.”

“ಗೆಲ್ಲತ್ತೆ ಅಂದಿದ್ನಾ?”

“ಹೂಂ ಸರ್. ಯಾರಿಗೂ ಹೇಳ್ಬೇಡಿ, ಪ್ಲೀಸ್.”

ಕೀರ್ತಿರಾಜ್ ಫೋನಿಟ್ಟು ಗೋಪಿನಾಥನ ಕಡೆ ತಿರುಗಿದ. “ಇದೂ ಕೋವಿಡ್ ಥರಾನೇ ಗೋಪಿ. ತಗುಲಿದವರೆಲ್ಲ ಇಲ್ಲ ಅಂತಾರೆ. ಹೆಸರು ಕೇಳಬಾರದು, ಸ್ಯಾಂಪಲ್ ಮಾತ್ರ ಕೇಳಬೇಕು.”

ಕನ್ನಡಿಗರ ಗುಂಪುಗಳಿಗೆಲ್ಲ ಠಾಣೆಯ ನಂಬರಿನಿಂದ ಒಂದು ಸಂದೇಶ ಹೋಯಿತು: ಅಜ್ಜನ ಆಡಿಯೋ ಇದ್ದರೆ ಇಲ್ಲಿಗೆ ಫಾರ್ವರ್ಡ್ ಮಾಡಿ, ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಠಾಣೆಯ ಫೋನು ಕೆಮ್ಮಿ ಕೆಮ್ಮಿ ಸುಸ್ತಾಗಿತ್ತು. ಸುಬಾಂಗ್ ಜಯಾದ ಡಾಕ್ಟರುಗಳು, ಸೈಬರ್‌ಜಯಾದ ಇಂಜಿನಿಯರುಗಳು, ಮಾಂಟ್ ಕಿಯಾರಾದ ಬ್ಯಾಂಕಿನವರು, ಯಾರನ್ನೂ ಅಜ್ಜ ಬಿಟ್ಟಿರಲಿಲ್ಲ. ಗೋಪಿನಾಥ ಮಾಮಾಕ್ ಹೋಟೆಲಿನಿಂದ ತಪಾವ್ ಮಾಡಿ, ಅಂದರೆ ಪಾರ್ಸೆಲ್ ಕಟ್ಟಿಸಿ, ತಂದಿದ್ದ ಚಹಾದ ಪ್ಲಾಸ್ಟಿಕ್ ಚೀಲಕ್ಕೆ ಕೊಳವೆ ಚುಚ್ಚಿ, ಒಂದೊಂದನ್ನೇ ಕೇಳಿದ.

“ಸರ್, ಇದರಲ್ಲಿ ಭಾರತ ಗೆಲ್ಲುತ್ತೆ. ಇದರಲ್ಲಿ ಡ್ರಾ. ಇದರಲ್ಲಿ ಸೋಲುತ್ತೆ. ಅಜ್ಜ ಒಬ್ಬನೇ, ಕೆಮ್ಮು ಒಂದೇ.”

“ಚಂದ್ರಮ್ಮ?”

“ಮೂರರಲ್ಲಿ ಮೂರು ಥರ.” ಗೋಪಿನಾಥ ಕೊಳವೆ ಬಿಟ್ಟ. “ಒಂದರಲ್ಲಿ ಸಾಯಿಸಿಬಿಟ್ಟಿದ್ದಾನೆ, ಸರ್.”

ಗುಟ್ಟು ಜರಡಿಯಷ್ಟೇ ಸರಳ. ಎಲ್ಲ ಮನೆಗಳನ್ನು ಮೂರು ಪಾಲು ಮಾಡಿ ಪಾಲಿಗೊಂದು ಭವಿಷ್ಯ ಹೇಳುವುದು. ಸುಳ್ಳಾದ ಎರಡು ಪಾಲನ್ನು ಮರೆತು, ನಿಜವಾದ ಪಾಲನ್ನು ಮತ್ತೆ ಮೂರು ಮಾಡುವುದು. ಹೀಗೆ ಮೂರು ಸಲ ಜರಡಿಯಾಡಿದಾಗ ಉಳಿಯುವ ಎರಡು ಮೂರು ಮನೆಗಳಿಗೆ ಅಜ್ಜ ಸಾಕ್ಷಾತ್ ದೇವರು. ಕೆಳಗೆ ಉದುರಿದವರೋ ಓದಿಕೊಂಡವರು. ನಾಚಿಕೆಗೆ ಬಾಯಿ ಬಿಡುವುದಿಲ್ಲ.

ಸಂಜೆ ಕೀರ್ತಿರಾಜ್ ಪ್ರೊಫೆಸರರ ಫ್ಲ್ಯಾಟಿಗೆ ಹೋಗಿ, ಮುಚ್ಚಿದ ಬಾಗಿಲಿನ ಮುಂದೆ ಆಡಿಯೋಗಳನ್ನು ಒಂದಾದ ಮೇಲೊಂದು ಹಾಕಿದ. ಕೊನೆಗೆ ಒಳಗಿನಿಂದ ದನಿ ಬಂತು.

“ಬೇರೆಯವರಿಗೆ ಸುಳ್ಳು ಹೇಳಿರಬಹುದು ಇನ್‌ಸ್ಪೆಕ್ಟ್ರೇ. ನನಗೆ ಹೇಳಿದ್ದು ಮೂರೂ ನಿಜ ಆಗಿದೆ.”

“ಅದು ಲಕ್ ಲಾ, ಸರ್.”

“ಲೆಕ್ಕ ನನಗೂ ಗೊತ್ತುಂಟು. ರಾತ್ರಿ ಮಲಗಿದ್ರೆ ಆ ದನಿ ಮಾತ್ರ ಲೆಕ್ಕ ಕೇಳುವುದಿಲ್ಲ.”

ಸುಮತಿ ಬಾಗಿಲಿಗೆ ಹಣೆ ಒತ್ತಿದರು. “ನಾಳೆ ಹತ್ತು ಗಂಟೆ. ಮತ್ತೆ ಯಾವಾಗ ಸಿಗ್ತದೋ ದೇವರಿಗೇ ಗೊತ್ತು. ಎದುರು ಮನೆಯವರು...” ಒಳಗೆ ಚಿಲಕವನ್ನು ಇನ್ನಷ್ಟು ಒತ್ತಿದ ಸದ್ದಾಯಿತು.

ಠಾಣೆಗೆ ಮರಳಿದ ಕೀರ್ತಿರಾಜ್ ಆಡಿಯೋಗಳನ್ನು ಮತ್ತೆ ಮೊದಲಿನಿಂದ ನೋಡತೊಡಗಿದ. ಕೇಳಿದ್ದು ಸಾಕಾಗಿತ್ತು, ಈಗ ನೋಡಿದ. ಪ್ರತಿಯೊಂದರ ತಲೆಯ ಮೇಲೂ ‘ಫಾರ್ವರ್ಡೆಡ್’ ಎಂಬ ಗುರುತಿತ್ತು. ಒಂದರ ಮೇಲೆ ಇರಲಿಲ್ಲ.

“ಗೋಪಿ, ಇದು ಬೇರೆಯವರಿಂದ ಬಂದು ದಾಟಿಸಿದ್ದಲ್ಲ. ಕಳಿಸಿದವನೇ ನಮ್ಮ ನಂಬರಿಗೆ ನೇರ ರೆಕಾರ್ಡ್ ಮಾಡಿದ್ದಾನೆ. ಆಡಿಯೋ ಎಷ್ಟು ಕ್ಲಿಯರ್ ಉಂಟು ನೋಡು.”

ನಂಬರು ಜಯರಾಮನದು. ಹುಬ್ಬಳ್ಳಿಯವನು, ಸೈಬರ್‌ಜಯಾದ ಕಂಪನಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮಿಮಿಕ್ರಿ ಅವನದೇ.

ಜುಲೈ 9, ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಜಯರಾಮ ಬಾಗಿಲು ತೆರೆದ. ಒಬ್ಬನೇ ಇದ್ದ, ಹೆಂಡತಿ ಮಗಳು ಹುಬ್ಬಳ್ಳಿಗೆ ಹೋದವರು ಗಡಿ ಮುಚ್ಚಿದ ಮೇಲೆ ಮರಳಿರಲಿಲ್ಲ. ಮೇಜಿನ ಮೇಲೆ ಎರಡನೆಯ ಫೋನು ಸಿಕ್ಕಿತು. ಕಾವಲುಗಾರನನ್ನೂ ಮೇಲಿನ ಮನೆಯವರನ್ನೂ ನಿಲ್ಲಿಸಿಕೊಂಡು ಜಪ್ತಿ ಪಂಚನಾಮೆ ಮಾಡಲಾಯಿತು.

“ಫಾರ್ವರ್ಡ್ ಮಾಡು ಅಂದ್ರೆ ಹೊಸದಾಗಿ ಯಾಕೆ ಹೇಳಿ ಕಳಿಸಿದೆ?” ಕೀರ್ತಿರಾಜ್ ಕೇಳಿದ.

ಜಯರಾಮ ನೆಲ ನೋಡಿದ. “ಎಲ್ಲಾರೂ ಕಳಸ್ತಾರ, ನಾನೊಬ್ಬನ ಸುಮ್ನಿದ್ರ ಅನುಮಾನ ಬರ್ತದ ಅನಿಸ್ತು ಸಾಹೇಬ್ರ. ಮತ್ತ ಹಳೇವು ಫ್ಯಾನಿನ ಸಪ್ಪಳದಾಗ ಮಾಡಿದ್ವು. ಪೊಲೀಸ್ರು ಕೇಳೋದು... ಸ್ವಲ್ಪ ಛಲೋ ಇರ್ಲಿ ಅಂತ.”

ಬಂಧಿಸಿ ಜೀಪಿಗೆ ಹತ್ತಿಸಿದರು. ಆದರೆ ಜೀಪು ಠಾಣೆಗೆ ಹೋಗಲಿಲ್ಲ.

ಪ್ರೊಫೆಸರರ ಬಾಗಿಲಿನ ಮುಂದೆ ಜಯರಾಮನನ್ನು ನಿಲ್ಲಿಸಿದಾಗ ಒಂಬತ್ತು ದಾಟಿತ್ತು. ಸುಮತಿ ಅವನನ್ನು ನೋಡಿದರು, ಬೈಯಲು ಬಾಯಿ ತೆರೆದರು, ಗಡಿಯಾರ ನೋಡಿ ಮುಚ್ಚಿದರು.

“ಸರ್, ನಾನು... ಜಯರಾಮ. ಅಜ್ಜ ನಾನ.”

ಒಳಗೆ ಕುರ್ಚಿ ಸರಿದ ಸದ್ದು. “ನೀನಾ? ಹಾಗಾದ್ರೆ ನೀನೇ ಹೇಳು. ಸೂಜಿ ಹಾಕಿಸಿಕೊಂಡ್ರೆ ನಾನು ಉಳೀತೇನಾ?”

ಜಯರಾಮನ ಗಂಟಲು ಅಭ್ಯಾಸಬಲದಿಂದ ಅಜ್ಜನಾಗಲು ಹೊರಟಿತು. ಗೋಪಿನಾಥ ಅವನ ಭುಜ ಹಿಡಿದ. ಜಯರಾಮ ತನ್ನದೇ ದನಿಗೆ ಇಳಿದ.

“ನನಗ ಗೊತ್ತಿಲ್ಲ ಸರ್. ನನಗ ಏನೂ ಗೊತ್ತಿಲ್ಲ. ಚಂದ್ರಮ್ಮಾರು ಬರ್ತಾರೋ ಇಲ್ಲೋ ಅದೂ ಗೊತ್ತಿರ್ಲಿಲ್ಲ. ನಾನ ಲಸಿಕೆ ಹಾಕಿಸ್ಕೊಂಡು ಮೂರು ವಾರ ಆತು.”

ಚಿಲಕ ತೆಗೆದ ಸದ್ದಾಯಿತು. ಗಡ್ಡ ಬೆಳೆಸಿಕೊಂಡ ಪ್ರೊಫೆಸರ್ ಹೊರಗೆ ಬಂದು, ಜಯರಾಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೆಂಡತಿಗೆ ಹೇಳಿದರು: “ಅರ್ಧ ತೋಳಿನ ಅಂಗಿ ಎಲ್ಲುಂಟು?”

ಹತ್ತಕ್ಕೆ ಐದು ನಿಮಿಷ ಇರುವಾಗ ಅವರು ಲಸಿಕೆಯ ಸಾಲಿನಲ್ಲಿದ್ದರು.

ಜುಲೈ 10, ಶನಿವಾರ. ದನಿ ಗುರುತಿಸುವುದಕ್ಕಾಗಿ ರಾಧಾಕೃಷ್ಣರನ್ನು ಠಾಣೆಗೆ ಕರೆಸಲಾಗಿತ್ತು. ಮೈ ಬೆಚ್ಚಗಿತ್ತು, ತೋಳು ನೋಯುತ್ತಿತ್ತು. ಆ ‘ಮುಂದಿನ ಶುಕ್ರವಾರ’ಕ್ಕೆ ಇನ್ನೂ ಆರು ದಿನವಿತ್ತು, ಅವರು ಗಳಿಗೆಗೊಮ್ಮೆ ತಮ್ಮ ನಾಡಿ ತಾವೇ ಹಿಡಿದು ನೋಡಿಕೊಳ್ಳುತ್ತಿದ್ದರು. ಸುಮತಿ ಆ ಕೈಯನ್ನು ತಟ್ಟಿ ತಟ್ಟಿ ಇಳಿಸುತ್ತಿದ್ದರು.

ಮೊದಲು ಕೀರ್ತಿರಾಜ್ ಆರೋಪಿಯ ಹೇಳಿಕೆ ಓದಿದ. ಸಂಘದ ಕಾರ್ಯಕ್ರಮ ನಿಂತು ಒಂದೂವರೆ ವರ್ಷವಾಗಿತ್ತು. ‘ಎಲ್ಲರೂ ಆರಾಮ ಇದ್ದೀರಾ?’ ಎಂದು ಜಯರಾಮ ತನ್ನ ದನಿಯಲ್ಲಿ ಗುಂಪಿಗೆ ಹಾಕಿದ್ದಕ್ಕೆ ಒಬ್ಬರೂ ಉತ್ತರಿಸಲಿಲ್ಲ. ಅಜ್ಜನ ದನಿಯಲ್ಲಿ ಒಬ್ಬೊಬ್ಬರಿಗೇ ಬೇರೆಯಾಗಿ ಕಳಿಸಿದರೆ, ಮತ್ತೆ ಆ ಫೋನು ತೆರೆಯುವಷ್ಟರಲ್ಲಿ ಮರುಮಾತು.

“ಲಸಿಕೆಗೆ ಹೋಗು ಅನ್ನಬಹುದಿತ್ತಲ್ಲ?” ಕೀರ್ತಿರಾಜ್ ತಲೆಯೆತ್ತಿ ಕೇಳಿದ.

“ಹೋಗು ಅಂದ್ರ ಹೋಗಿಬಿಡ್ತಿದ್ರು, ಸಾಹೇಬ್ರ. ಮತ್ತ ನನ್ನ ಮಾತಾಡಸ್ತಿರ್ಲಿಲ್ಲ. ಹೆದರಿದವ್ರು ದಿನಾ ಮಾತಾಡಸ್ತಾರ.”

ಕೀರ್ತಿರಾಜ್ ಆ ಮಾತನ್ನೂ ಹೇಳಿಕೆಗೆ ಸೇರಿಸಿ ಬರೆದುಕೊಂಡ. ಬಳಿಕ ಇಬ್ಬರು ಪಂಚರ ಎದುರು ಆರೋಪಿ ಅಜ್ಜನ ದನಿ ತೆಗೆಯಬೇಕಾಯಿತು.

“ಏನ್ ಹೇಳ್ಲಿ?” ಎಂದ ಜಯರಾಮ.

“ನಾನು ಕೇಳ್ತೇನೆ.” ರಾಧಾಕೃಷ್ಣ ಮುಂದಕ್ಕೆ ಬಾಗಿದರು. “ಅಜ್ಜ, ನಿನ್ನ ಕೇಸು ಎಂತ ಆಗ್ತದೆ?”

ಜಯರಾಮ ಕಣ್ಣು ಮುಚ್ಚಿದ. ಹಳೆಯ ಬಾವಿ ಬಾಯಿ ತೆರೆಯಿತು. “ಮಗಾ ರಾಧಾಕೃಷ್ಣಾ... ದಂಡ ಬೀಳುತ್ತದೆ.” ಕೆಮ್ಮು. “ಜೈಲಾಗುತ್ತದೆ.” ಕೆಮ್ಮು. “ಬಿಡುಗಡೆಯಾಗುತ್ತದೆ.” ಒಂದು ಕಣ್ಣು ತೆರೆದು, ಅದೇ ದನಿಯಲ್ಲಿ ಸೇರಿಸಿದ: “ಯಾವುದು ನಿಜವಾಯಿತೋ ಅದನ್ನು ನೀನು ಇಟ್ಟುಕೋ. ಉಳಿದೆರಡನ್ನು ನಾನು ಮಾಂಟ್ ಕಿಯಾರಾಕ್ಕೆ ಕಳಿಸಿದ್ದೆ ಅಂದುಕೋ.”

ಗೋಪಿನಾಥ ಅರ್ಧ ಅರ್ಥಮಾಡಿಕೊಂಡು ನಕ್ಕ. ಕೀರ್ತಿರಾಜ್ ಕಡತವನ್ನು ಮುಖಕ್ಕೆ ಅಡ್ಡ ಹಿಡಿದ. ಸುಮತಿ ಬೈಯುತ್ತಲೇ ನಕ್ಕರು. ಆದರೆ ಎಲ್ಲರ ದನಿಯನ್ನೂ ಮುಳುಗಿಸಿ, ನೋಯುವ ತೋಳಿನಿಂದಲೇ ಮೇಜು ಕುಟ್ಟಿ, ಮಾಸ್ಕ್ ಬಾಯಿಯೊಳಗೆ ಹೋಗಿ ಹೊರಗೆ ಬರುವಷ್ಟು ಜೋರಾಗಿ ನಗುತ್ತಿದ್ದವರು ಅನಾಟಮಿ ಪ್ರೊಫೆಸರ್ ರಾಧಾಕೃಷ್ಣ. ನಾಡಿ ನೋಡಿಕೊಳ್ಳುವುದು ಅವರಿಗೆ ಮರೆತೇಹೋಗಿತ್ತು.