ಭಾನುವಾರ ಹತ್ತದ ಮರ

ಕೆಸ್ದೀನ ಮಾಡಿದ ತಪ್ಪೆಂದರೆ ಒಮ್ಮೆ ತಲೆಯಾಡಿಸಿದ್ದು, ಅಷ್ಟೇ.

ಶನಿವಾರ ಮಧ್ಯಾಹ್ನ ಪೋನ್‌ಪೇ ದ್ವೀಪದಲ್ಲಿ ಜಡಿಮಳೆ. ತೆಂಗಿನ ಮರಗಳೆಲ್ಲ ಕಾಲಿಟ್ಟರೆ ಜಾರುವಂತಿದ್ದವು. ಮರ ಹತ್ತುವ ಪಂದ್ಯವನ್ನು ಭಾನುವಾರ ಬೆಳಿಗ್ಗೆಗೆ ಹಾಕಬಹುದೇ ಎಂದು ಕ್ರೀಡಾಕೂಟದವರು ಪ್ರತಿ ದ್ವೀಪದ ತಂಡವನ್ನೂ ಕೇಳಿದರು. ಕೊಸ್ರಾಯ್ ದ್ವೀಪದವರು ಊಟಕ್ಕೆ ಹೋಗಿದ್ದರು. ಅವರನ್ನು ನೋಡಿಕೊಳ್ಳಲು ನೇಮಿಸಿದ್ದ ಊರ ಹುಡುಗಿ ಕೆಸ್ದೀನ. "ಆಗ್ಬಹುದು" ಎಂದು ತಲೆಯಾಡಿಸಿದಳು.

ನಸುಕಿಗೇ ಚರ್ಚು, ಆಮೇಲೆ ಆಟ. ಅವಳ ಊರಿನ ಭಾನುವಾರ ಹಾಗೆ. ಕೊಸ್ರಾಯ್‌ನಲ್ಲಿ ಭಾನುವಾರ ದೇವರ ದಿನ, ಮೀನು ಹಿಡಿಯುವುದಿಲ್ಲ, ಈಜುವುದಿಲ್ಲ, ಅಂಗಳದ ಕಾಯಿಯನ್ನೂ ಕೀಳುವುದಿಲ್ಲ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಹೊತ್ತಿನಲ್ಲಿ ಅವಳ ತಲೆಯಲ್ಲಿ ತುಂಬಿಕೊಂಡಿದ್ದವನು ಪಾಲಿಕ್. ಮರ ಹತ್ತಬೇಕಾಗಿದ್ದವನೂ ಅವನೇ.

ವಿಮಾನ ನಿಲ್ದಾಣದಲ್ಲೇ ಶುರುವಾಗಿತ್ತು ಅದು. ಬಂದವರ ತಲೆಗೆಲ್ಲ ಅವಳು ಹೂದಂಡೆ ತೊಡಿಸುತ್ತಿದ್ದಳು. ಪಾಲಿಕ್‌ನ ತಲೆ ಮಾತ್ರ ಕೈಗೆ ಎಟುಕಲಿಲ್ಲ.

"ಸ್ವಲ್ಪ ಬಗ್ಗಿ" ಎಂದಳು.

"ನಮ್ಮೂರಲ್ಲಿ ಎತ್ತರ ಇರೋದಕ್ಕೆ ನಾವೇ ಹತ್ತಿ ಹೋಗ್ತೀವಿ."

"ಹತ್ತೋದಕ್ಕೆ ನೀವೇನು ತೆಂಗಿನ ಮರವಾ?"

ಅವನು ನಕ್ಕು ಬಗ್ಗಿದ. ಹೂದಂಡೆ ಕೂರಿಸಲು ಬೇಕಾದದ್ದಕ್ಕಿಂತ ಅರೆಗಳಿಗೆ ಹೆಚ್ಚೇ ಬಗ್ಗಿಕೊಂಡಿದ್ದ. ಅವಳ ಬೆರಳು ಅವನ ಕಿವಿಗೆ ತಾಗಿತು. ತಾಗಿದ್ದು ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಗೊತ್ತಾಗದವರಂತೆ ಬೇರೆ ಕಡೆ ನೋಡಿದರು.

ಆಮೇಲೆ ದಿನಾ ಬಸ್ಸು ಹತ್ತುವಾಗ ಅವನು ಅವಳ ಕೈಗೆ ಒಂದು ಕಿತ್ತಳೆ ಇಡುತ್ತಿದ್ದ. ಕೊಸ್ರಾಯ್ ಕಿತ್ತಳೆ, ಸಿಪ್ಪೆ ಹಸಿರು, ಒಳಗೆ ಜೇನು. "ಚೀಲ ಭಾರ ಆಗಿದೆ, ಅದಕ್ಕೆ ಕೊಡ್ತಿದೀನಿ" ಎನ್ನುತ್ತಿದ್ದ. ಅಷ್ಟು ಭಾರದ ಚೀಲವನ್ನು ಅವನು ಒಂದೇ ಬೆರಳಲ್ಲಿ ಎತ್ತುವುದನ್ನು ಅವಳು ನೋಡಿದ್ದಳು.

ಇಂಥವನ ಪಂದ್ಯವನ್ನು ಅವಳು ಭಾನುವಾರಕ್ಕೆ ಒಪ್ಪಿಕೊಂಡು ಬಂದಿದ್ದಳು.

ವಿಷಯ ತಿಳಿದಾಗ ಕೊಸ್ರಾಯ್ ಕೋಚ್ ಹೋಗಿ ವಾದಿಸಿದರು. "ನಿಮ್ಮ ಕಡೆಯವರು ಒಪ್ಪಿಯಾಗಿದೆ" ಎಂಬ ಉತ್ತರ ಬಂತು. ಪಾಲಿಕ್ ಕೆಸ್ದೀನಳತ್ತ ತಿರುಗಿ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಅವನು ಚೀಲ ಎತ್ತಿಕೊಂಡು ಹೊರಟ.

ಭಾನುವಾರ ಮೈದಾನದಲ್ಲಿ ಬೇರೆ ದ್ವೀಪಗಳ ಹುಡುಗರು ಮರ ಹತ್ತಿದರು, ಜನ ಕೂಗಿ ಕುಣಿದರು. ಪಕ್ಕದ ಬೀದಿಯ ಚರ್ಚಿನಲ್ಲಿ ಪಾಲಿಕ್ ಬಿಳಿ ಅಂಗಿ ತೊಟ್ಟು ಕೀರ್ತನೆ ಹಾಡಿದ. ಅಂದು ಕಿತ್ತಳೆ ಬರಲಿಲ್ಲ. ನಾಳೆ ಮಧ್ಯಾಹ್ನದ ವಿಮಾನಕ್ಕೆ ಇವನು ಕೋಪ ಹೊತ್ತುಕೊಂಡೇ ಹೋಗಿಬಿಟ್ಟರೆ? ಮತ್ತೆ ಯಾವ ಮುಖ ಇಟ್ಟುಕೊಂಡು ಇವನನ್ನು ನೋಡುವುದು?

ಅಳುಕುತ್ತಲೇ ಅಪ್ಪ ಪೆರ್ನಾರ್ದೊಗೆ ಎಲ್ಲ ಹೇಳಿದಳು. ಅವರು ತಕ್ಷಣ ಎದ್ದರು. ಹಿತ್ತಲಿಗೆ ಹೋಗಿ ಸಕಾವ್ ಗಿಡವನ್ನು ಬೇರು ಸಮೇತ ಕಿತ್ತು ಹೆಗಲಿಗೇರಿಸಿದರು. ತಪ್ಪು ದೊಡ್ಡದಾದರೆ ಪೋನ್‌ಪೇಯಲ್ಲಿ ಮಾತಿನಿಂದ ಕ್ಷಮೆ ಕೇಳುವುದಿಲ್ಲ. ಬೇರನ್ನು ಕಲ್ಲಿನ ಮೇಲೆ ಕುಟ್ಟಿ, ಅಮಲಿನ ರಸ ಹಿಂಡಿ, ತೆಂಗಿನ ಚಿಪ್ಪಿನಲ್ಲಿ ತುಂಬಿ ನೊಂದವರ ಮುಂದೆ ಹಿಡಿಯುತ್ತಾರೆ. ಅವರು ಕುಡಿದರೆ ಅಲ್ಲಿಗೆ ಮುಗಿಯಿತು, ಆ ಮಾತನ್ನು ಯಾರೂ ಮತ್ತೆ ಎತ್ತುವಂತಿಲ್ಲ.

ತಂಡ ಇಳಿದುಕೊಂಡಿದ್ದ ಶಾಲೆಯ ಅಂಗಳದಲ್ಲಿ, ಸಂಜೆ ಬಿಸಿಲಿನಲ್ಲಿ, ಪೆರ್ನಾರ್ದೊ ತಲೆ ತಗ್ಗಿಸಿ ಚಿಪ್ಪನ್ನು ಮುಂದೆ ಹಿಡಿದರು. ಕೆಸ್ದೀನ ಅವರ ಹಿಂದೆ ನೆಲದ ಮೇಲೆ ಕೂತಿದ್ದಳು. ಪಾಲಿಕ್ ಎರಡೂ ಕೈಯಲ್ಲಿ ಚಿಪ್ಪು ತೆಗೆದುಕೊಂಡ. ಆಮೇಲೆ ಮೆಲ್ಲಗೆ, ಹನಿಯೂ ಚೆಲ್ಲದಂತೆ, ಅವರ ಕೈಗೇ ವಾಪಸು ಕೊಟ್ಟ.

"ಕ್ಷಮಿಸಲ್ಲ ಅಂದುಬಿಟ್ಟ" ಎಂದು ನೆರೆದಿದ್ದ ಊರವರು ಪಿಸುಗುಟ್ಟಿದರು. ದಾರಿಯಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: "ಅವನ ಕೋಪ ಇನ್ನೂ ಆರಿಲ್ಲ, ಮಗಳೇ."

ಅವಳು ಮನೆಗೆ ಬಂದು ಹೂಕಸೂತಿಯ ಲಂಗದಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಪದಕ ತಪ್ಪಿಸಿದ್ದಕ್ಕೆ ಅತ್ತದ್ದು ಸ್ವಲ್ಪ. ಅವನಿಲ್ಲದ ಮಂಗಳವಾರವನ್ನು ನೆನೆದು ಅತ್ತದ್ದೇ ಹೆಚ್ಚು.

ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಧೊಪ್ಪೆಂದು ಏನೋ ಬಿತ್ತು. ಆಮೇಲೆ ಅಪ್ಪನ ದನಿ.

"ಯಾರಯ್ಯ ಅದು, ನನ್ನ ಮರದ ಮೇಲೆ?"

"ನಾನೇ, ಯಜಮಾನ್ರೇ. ಪಾಲಿಕ್."

"ಪಂದ್ಯ ನಿನ್ನೆನೇ ಮುಗೀತಲ್ಲಪ್ಪ."

"ನಂದು ಇವತ್ತು."

ಕೆಸ್ದೀನ ಕೆದರಿದ ಕೂದಲಲ್ಲೇ ಹೊರಗೆ ಓಡಿ ಬಂದಳು. ಅವನು ಸರಸರನೆ ಇಳಿದ. ಬರಿ ಮೈಗೆ ಮರದ ಹಸಿರು ಮೆತ್ತಿಕೊಂಡಿತ್ತು. ಎಳನೀರು ಕೆತ್ತಿ ಅವಳ ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ.

"ನಿನ್ನೆ ನಮ್ಮಪ್ಪನ ಚಿಪ್ಪು ವಾಪಸ್ ಕೊಟ್ಟವರು ನೀವೇ ತಾನೆ?"

"ಅಮಲಿನದು ಯಾವುದನ್ನೂ ಬಾಯಿಗಿಡಲ್ಲ ಅಂತ ಅಜ್ಜಿಗೆ ಮಾತು ಕೊಟ್ಟಿದೀನಿ, ಚರ್ಚಲ್ಲಿ, ಎಲ್ಲರೆದುರು. ನಿಮ್ಮವರು ಅದನ್ನ ಭಾನುವಾರ ಬೇರೆ ತಂದ್ರು." ಅವನು ಕತ್ತು ಕೆರೆದುಕೊಂಡ. "ಮರ್ಯಾದೆಗೆ ಕೊಟ್ಟಿದ್ದು, ಮರ್ಯಾದೆಯಾಗಿ ವಾಪಸ್ ಕೊಟ್ಟೆ ಅಂದ್ಕೊಂಡಿದ್ದೆ. ಈಗ ಶಾಲೆ ಅಡುಗೆಯಮ್ಮ ಬ್ರೆಡ್ಡೂ ಕೊಡದೆ ಬೈದ್ರು. 'ಆ ಹುಡುಗೀನ ಕ್ಷಮಿಸಲ್ಲ ಅಂತ ಊರಿಗೆಲ್ಲ ಸಾರಿ ಬಂದಿದೀಯಲ್ಲೋ' ಅಂತ. ಓಡಿ ಬಂದೆ."

"ಹಾಗಾದ್ರೆ ಕೋಪ ಇಲ್ವಾ?"

"ಇತ್ತು. ಚರ್ಚಲ್ಲಿ ಕೂತ್ರೆ ಮೈದಾನದ ಕೂಗೆಲ್ಲ ಕೇಳಿಸ್ತಿತ್ತು. ಕೀರ್ತನೆ ಸಾಲೇ ತಪ್ಪಿದೆ." ಅವನು ಅವಳ ಕಣ್ಣನ್ನೇ ನೋಡಿದ. "ಮುಗಿಯೋ ಹೊತ್ತಿಗೆ ಪದಕದ ನೆನಪು ಹೋಗಿತ್ತು. ಕಿತ್ತಳೆ ಕೊಡ್ಲಿಲ್ವಲ್ಲ ಅನ್ನೋದೇ ಕೊರೀತಿತ್ತು. ನಂಗೆ ನೀನು ಇಷ್ಟ, ಕೆಸ್ದೀನ. ನಿಮ್ಮ ಬಟ್ಟಲು ನಾನು ಕುಡಿಯೋ ಹಾಗಿಲ್ಲ. ನನ್ನದನ್ನ ನೀನಾದ್ರೂ ಕುಡಿ."

ಅವಳು ಎರಡೂ ಕೈ ಚಾಚಿ ತೆಗೆದುಕೊಂಡಳು. ಕಣ್ಣೀರು ಎಳನೀರಿಗೆ ಬಿದ್ದರೂ ಬಿಡದೆ ಕುಡಿದಳು. ಅರ್ಧ ಉಳಿಸಿ ಅವನಿಗೆ ಕೊಟ್ಟಳು. ಅವನು ಅವಳ ತುಟಿ ತಾಗಿದ ಕಡೆಗೇ ತಿರುಗಿಸಿಕೊಂಡು ಕುಡಿದ. ಅದನ್ನು ನೋಡಿ ಅವಳ ಕೆನ್ನೆ ಬಿಸಿಯಾಯಿತು, ಮನಸ್ಸು ಮಾತ್ರ ತಣ್ಣಗಾಯಿತು.

ಪೆರ್ನಾರ್ದೊ ಕೆಮ್ಮಿದರು. "ಕ್ಷಮೆ ಮುಗೀತು, ಸರಿ. ಆದ್ರೆ ಹುಡುಗಿ ಕೇಳೋಕೆ ಬರುವಾಗ ನಮ್ಮಲ್ಲಿ ಎಳನೀರು ನಡಿಯಲ್ಲಪ್ಪ. ಸಕಾವ್ ಗಿಡನೇ ತರಬೇಕು. ಬೇರು ಸಮೇತ, ಹೆಗಲ ಮೇಲೆ."

ಪಾಲಿಕ್ ತನ್ನ ಹೆಗಲು ಮುಟ್ಟಿ ನೋಡಿಕೊಂಡ. "ಕುಡೀಬೇಡ ಅಂದಿದಾರೆ ಅಜ್ಜಿ. ಹೊರಬೇಡ ಅಂದಿಲ್ಲ."

ಪೆರ್ನಾರ್ದೊ ನಗುವನ್ನು ಮೀಸೆಯಲ್ಲಿ ಅಡಗಿಸಿಕೊಂಡು ಮಗಳ ಕಡೆ ತಿರುಗಿದರು. "ಏನಮ್ಮ, ಇವನು ಬಂದ್ರೆ ನಿಂಗೆ ಒಪ್ಪಿಗೆನಾ?"

ಬೀದಿಯಲ್ಲಿ ತಂಡದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಪಾಲಿಕ್ ಅಂಗಿಯನ್ನು ಕೈಯಲ್ಲೇ ಹಿಡಿದು ಅವಳ ಉತ್ತರಕ್ಕೆ ಕಾದು ನಿಂತ. ಬರೀ ತಲೆಯಾಡಿಸಿದರೆ ಏನಾಗುತ್ತದೆಂದು ಕೆಸ್ದೀನಳಿಗೆ ಈಗ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬಾಯಿಬಿಟ್ಟು, ಬಸ್ಸಿನವರಿಗೂ ಕೇಳುವ ಹಾಗೆ ಹೇಳಿದಳು:

"ಒಪ್ಪಿಗೆ, ಪಾಪಾ. ಭಾನುವಾರ ಒಂದು ಬಿಟ್ಟು ಯಾವತ್ತು ಬೇಕಾದ್ರೂ ಬರಲಿ."